ನೋವಿರುವವರು ಎಷ್ಟು ನಡೆಯಬಲ್ಲರು? ಅಳೆಯುವುದು ಹೇಗೆ?

ಪ್ರಶ್ನೆ: ನನಗೆ 46 ವರ್ಷ. ಹಲವು ವರ್ಷಗಳಿಂದ ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ದೀರ್ಘಕಾಲ ನೋಯುವ ಕಾಯಿಲೆ) ಇದೆ, ಜೊತೆಗೆ ಸೊಂಟ ನೋವು. ಇತ್ತೀಚೆಗೆ ಆಸ್ಪತ್ರೆಯಲ್ಲಿ ಆರು ನಿಮಿಷ ನಡೆಸಿ ನೋಡಿದರು. 390 ಮೀಟರ್ ನಡೆದೆ. "ಚೆನ್ನಾಗೇ ನಡೆಯುತ್ತೀರಲ್ಲ" ಎಂದು ಬರೆದುಕೊಂಡರು. ಆದರೆ ಮರುದಿನವೂ ಅದರ ಮರುದಿನವೂ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಮನೆಯವರಿಗೂ ಈಗ ಅನುಮಾನ: ಅಲ್ಲಿ ಅಷ್ಟು ನಡೆದವಳು ಇಲ್ಲಿ ಯಾಕೆ ನಡೆಯುವುದಿಲ್ಲ ಅಂತ. ನಾನು ನಿಜವಾಗಿ ಎಷ್ಟು ನಡೆಯಬಲ್ಲೆ ಎಂದು ತಿಳಿಯಲು ಸರಿಯಾದ ದಾರಿ ಇದೆಯಾ? ಮನೆಯಲ್ಲೇ ಅಳೆದುಕೊಳ್ಳಬಹುದಾ?

ಉತ್ತರ: ನೀವು ಅಂದು ನಡೆದ 390 ಮೀಟರ್ ನಿಜ. ಆಮೇಲೆ ಎರಡು ದಿನ ಮಲಗಿದ್ದೂ ನಿಜ. ಎರಡೂ ನಿಮ್ಮ ನಡಿಗೆಯ ಲೆಕ್ಕಕ್ಕೆ ಸೇರಬೇಕು. ಆಸ್ಪತ್ರೆಯ ಹಾಳೆಯಲ್ಲಿ ಮೊದಲನೆಯದು ಮಾತ್ರ ದಾಖಲಾಯಿತು, ಏಕೆಂದರೆ ಆ ಪರೀಕ್ಷೆ ಆರನೇ ನಿಮಿಷಕ್ಕೆ ಮುಗಿದುಹೋಗುತ್ತದೆ. ನಿಮ್ಮಂಥ ಕಾಯಿಲೆಯಲ್ಲಿ ನಡಿಗೆಯ ಪರಿಣಾಮ ಪೂರ್ತಿ ಗೊತ್ತಾಗುವುದೇ ಅದರ ನಂತರ. ದೀರ್ಘಕಾಲದ ನೋವಿರುವವರ ಜೊತೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್ ನಾನು. ಈ ದೂರನ್ನು ಮತ್ತೆ ಮತ್ತೆ ಕೇಳುತ್ತೇನೆ. ಕೇಳಿದಾಗಲೆಲ್ಲ ಬೇಸರವಾಗುತ್ತದೆ, ಏಕೆಂದರೆ ಇದನ್ನು ಸರಿಪಡಿಸಲು ದುಬಾರಿ ಯಂತ್ರವೇನೂ ಬೇಕಿಲ್ಲ. ಮರುದಿನ ಒಂದು ಫೋನ್ ಮಾಡಿ ವಿಚಾರಿಸಿದ್ದರೆ ಸಾಕಿತ್ತು.

ನಿಮ್ಮನ್ನು ನಡೆಸಿ ನೋಡಿದ ಪರೀಕ್ಷೆ ಎಲ್ಲಿಂದ ಬಂತು ಎಂದು ತಿಳಿದರೆ ತೊಂದರೆ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. 1968ರಲ್ಲಿ ಕೆನೆತ್ ಕೂಪರ್ ಎಂಬ ಅಮೆರಿಕದ ವೈದ್ಯರು ವಾಯುಪಡೆಯವರ ದೈಹಿಕ ಕ್ಷಮತೆ ನೋಡಲು 12 ನಿಮಿಷದ ಓಟದ ಪರೀಕ್ಷೆಯನ್ನು ಪ್ರಕಟಿಸಿದರು. 1976ರಲ್ಲಿ ಬ್ರಿಟನ್ನಿನ ವೈದ್ಯರು ಅದನ್ನೇ 12 ನಿಮಿಷದ ನಡಿಗೆಯಾಗಿ ಬದಲಿಸಿ, ಶ್ವಾಸಕೋಶದ ಕಾಯಿಲೆ ಇರುವವರಿಗೆ ಬಳಸಿದರು. ಅಷ್ಟು ಹೊತ್ತು ನಡೆಯುವುದು ರೋಗಿಗಳಿಗೆ ಕಷ್ಟ. ಆರು ನಿಮಿಷ ನಡೆಸಿದರೂ ಹೆಚ್ಚುಕಡಿಮೆ ಅದೇ ಮಾಹಿತಿ ಸಿಗುತ್ತದೆ ಎಂದು 1982ರಲ್ಲಿ ತೋರಿಸಲಾಯಿತು. 2002ರಲ್ಲಿ ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ ಇದಕ್ಕೆ ನಿಯಮಗಳನ್ನು ಬರೆಯಿತು. 30 ಮೀಟರ್ ಉದ್ದದ ಸಮತಟ್ಟಾದ ಕಾರಿಡಾರ್ ಇರಬೇಕು. ಎರಡು ತುದಿಯಲ್ಲೂ ಗುರುತು ಇಡಬೇಕು. ಆರು ನಿಮಿಷದಲ್ಲಿ ಆದಷ್ಟು ಹೆಚ್ಚು ದೂರ ನಡೆಯಬೇಕು. ಬೇಕಾದರೆ ನಿಂತು ಸುಧಾರಿಸಿಕೊಳ್ಳಬಹುದು, ಆದರೆ ಗಡಿಯಾರ ಓಡುತ್ತಲೇ ಇರುತ್ತದೆ. ಪ್ರತಿ ನಿಮಿಷಕ್ಕೊಮ್ಮೆ ಪರೀಕ್ಷಕರು ಗೊತ್ತುಪಡಿಸಿದ ಮಾತಿನಲ್ಲೇ ಹುರಿದುಂಬಿಸಬೇಕು.

ಹೀಗೆ ಇದು ಹುಟ್ಟಿದ್ದು ಶ್ವಾಸಕೋಶದ ರೋಗಿಗಳಿಗಾಗಿ, ಬೆಳೆದದ್ದು ಹೃದಯ ಮತ್ತು ಶ್ವಾಸಕೋಶದ ವಿಭಾಗಗಳಲ್ಲಿ. ಅಲ್ಲಿ ಮನುಷ್ಯನನ್ನು ತಡೆದು ನಿಲ್ಲಿಸುವುದು ಉಸಿರು. ಏದುಸಿರು ಬಂದರೆ ಕಣ್ಣಿಗೆ ಕಾಣುತ್ತದೆ. ಸಾಮಾನ್ಯವಾಗಿ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಇಳಿಯುತ್ತದೆ. ಪರೀಕ್ಷೆಯ ಕಷ್ಟ ಬಹುಪಾಲು ಪರೀಕ್ಷೆಯ ಹೊತ್ತಿನಲ್ಲೇ ಮುಗಿಯುತ್ತದೆ.

ದೀರ್ಘಕಾಲದ ನೋವು ಹಾಗೆ ನಡೆದುಕೊಳ್ಳುವುದಿಲ್ಲ. ಮೈ ಬಿಸಿಯಾಗಿರುವಾಗ, ಎದುರಿಗೆ ಬಿಳಿ ಕೋಟು ಹಾಕಿದವರು ಸ್ಟಾಪ್‌ವಾಚ್ ಹಿಡಿದು "ಚೆನ್ನಾಗಿ ನಡೆಯುತ್ತಿದ್ದೀರಿ" ಎನ್ನುತ್ತಿರುವಾಗ, ಹಲ್ಲು ಕಚ್ಚಿ ನಡೆದುಬಿಡಬಹುದು. ತುಂಬಾ ಜನ ಹಾಗೇ ಮಾಡುತ್ತಾರೆ. ನೋವು ತನ್ನ ಪಾಲು ಕೇಳುವುದು ಸಂಜೆಗೆ, ಇಲ್ಲವೇ ಮರುದಿನ ಬೆಳಿಗ್ಗೆ. ನರಮಂಡಲ ನೋವಿನ ಸೂಚನೆಗಳನ್ನು ದೊಡ್ಡದು ಮಾಡಿ ಕಳಿಸುವ ಸ್ಥಿತಿಗೆ ಬಂದಿರುವಾಗ, ಮಾಮೂಲಿ ಶ್ರಮವೂ ಮೈಯೆಲ್ಲ ಕೆರಳಿಸಿಬಿಡುತ್ತದೆ. ಫೈಬ್ರೊಮಯಾಲ್ಜಿಯಾದಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಎಕ್ಸ್‌ರೇಯಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಅದು ಮನಸ್ಸಿನ ಆಟ ಅಲ್ಲ.

ಇನ್ನೊಂದು ವಿಷಯ. ಆ 390 ಎಂಬ ಅಂಕಿಯನ್ನೇ ನೋಡಿದರೂ "ಚೆನ್ನಾಗಿದೆ" ಎನ್ನುವುದು ಅವಸರದ ಮಾತು. 390 ಮೀಟರನ್ನು 360 ಸೆಕೆಂಡಿನಿಂದ ಭಾಗಿಸಿ. ಸೆಕೆಂಡಿಗೆ ಸುಮಾರು 1.08 ಮೀಟರ್ ಬರುತ್ತದೆ. ಆರೋಗ್ಯವಂತ ವಯಸ್ಕರು ಯಾವ ಆತುರವೂ ಇಲ್ಲದೆ ನಡೆಯುವ ವೇಗ ಸೆಕೆಂಡಿಗೆ ಸುಮಾರು 1.2ರಿಂದ 1.4 ಮೀಟರ್. ಅಂದರೆ ನೀವು ಆದಷ್ಟು ಪ್ರಯತ್ನಪಟ್ಟು ನಡೆದ ವೇಗ, ಬೇರೆಯವರ ನಿರಾಳ ನಡಿಗೆಗಿಂತ ಕಡಿಮೆ. 1998ರಲ್ಲಿ ಅಮೆರಿಕದಲ್ಲಿ 40ರಿಂದ 80 ವರ್ಷದ ಆರೋಗ್ಯವಂತರನ್ನು ಹೀಗೇ ನಡೆಸಿ ನೋಡಿದ್ದರು. ಮಹಿಳೆಯರ ಮಧ್ಯಮ ಅಂಕಿ 494 ಮೀಟರ್ ಬಂತು. ಆ ವಯಸ್ಸಿನ ಗುಂಪಿನಲ್ಲಿ ನೀವು ಚಿಕ್ಕವರ ಕಡೆಗೇ ಇದ್ದೀರಿ. ಎತ್ತರ, ತೂಕ, ದೇಶ ಬದಲಾದರೆ ಈ ಅಂಕಿಗಳೂ ಬದಲಾಗುತ್ತವೆ, ಹಾಗಾಗಿ ಇದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ. ಆದರೂ 390 ಎಂಬುದು "ತೊಂದರೆ ಇಲ್ಲ" ಎಂದು ಮುಂದೆ ಹೋಗಿಬಿಡುವ ಅಂಕಿಯಲ್ಲ.

ಆರು ನಿಮಿಷದ ಪರೀಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನಾನೂ ಮಾಡಿಸುತ್ತೇನೆ. ಅದಕ್ಕೆ ಇನ್ನಷ್ಟು ವಿವರ ಸೇರಿಸಿಕೊಳ್ಳುತ್ತೇನೆ, ಅಷ್ಟೇ. ಶುರುವಿನಲ್ಲಿ ನೋವು 0ರಿಂದ 10ರಲ್ಲಿ ಎಷ್ಟಿತ್ತು, ಮುಗಿದಾಗ ಎಷ್ಟಾಯಿತು, ಎಷ್ಟು ಸಲ ನಿಂತರು, ಎಷ್ಟು ಹೊತ್ತು ನಿಂತರು, ಯಾವ ನಿಮಿಷದಿಂದ ಕುಂಟತೊಡಗಿದರು. ನೋಯುವ ಕಾಲಿನ ಮೇಲೆ ಭಾರ ಬಿಡುವ ಹೊತ್ತು ಕಡಿಮೆಯಾಗುತ್ತಾ ಬಂದರೆ ಅದು ಕಣ್ಣಿಗೇ ಕಾಣುತ್ತದೆ, ಹೆಜ್ಜೆಯ ಸದ್ದಿನಲ್ಲೂ ಗೊತ್ತಾಗುತ್ತದೆ. ಶ್ರಮ ಎಷ್ಟಾಯಿತು ಎಂದು ಕೇಳಲು ಬೋರ್ಗ್ ಅಳತೆ ಇದೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಸಾಲು ಅದು. 6 ಎಂದರೆ ಶ್ರಮವೇ ಇಲ್ಲ, 20 ಎಂದರೆ ಇನ್ನು ಆಗುವುದೇ ಇಲ್ಲ ಎನ್ನುವಷ್ಟು ಶ್ರಮ. ಇಬ್ಬರೂ 390 ಮೀಟರ್ ನಡೆದಿರಬಹುದು. ಒಬ್ಬರು 11 ಎನ್ನುತ್ತಾರೆ, ಇನ್ನೊಬ್ಬರು 18 ಎನ್ನುತ್ತಾರೆ. ಅವರಿಬ್ಬರ ನಡಿಗೆಯ ಶಕ್ತಿ ಒಂದೇ ಅಂತ ಹೇಗೆ ಹೇಳುವುದು?

ಈ ಪರೀಕ್ಷೆಯಲ್ಲಿ ಅಭ್ಯಾಸದ ಪ್ರಭಾವವೂ ಇದೆ. ಎರಡನೇ ಸಲ ನಡೆದಾಗ ಜನ ಸಾಮಾನ್ಯವಾಗಿ ಜಾಸ್ತಿ ದೂರ ಹೋಗುತ್ತಾರೆ. ಅದಕ್ಕೇ ಶ್ವಾಸಕೋಶದ ರೋಗಿಗಳಿಗೆ ಎರಡು ಸಲ ಮಾಡಿಸಿ ಎಂದು 2014ರ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ನೋವಿನ ರೋಗಿಗಳಿಗೆ ಒಂದೇ ದಿನ ಎರಡು ಸಲ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಮೊದಲ ನಡಿಗೆಯ ಕೆರಳಿಕೆ ಎರಡನೆಯದರಲ್ಲಿ ಬೆರೆತುಹೋಗುತ್ತದೆ. ಮೂರು ತಿಂಗಳ ನಂತರ ಮತ್ತೆ ಅಳೆದಾಗ 10–15 ಮೀಟರ್ ಹೆಚ್ಚಾದರೆ ಹಿಗ್ಗಬೇಡಿ, ಕಡಿಮೆಯಾದರೆ ಕುಗ್ಗಬೇಡಿ. ಶ್ವಾಸಕೋಶದ ಕಾಯಿಲೆಗಳಲ್ಲೇ ಸುಮಾರು 30 ಮೀಟರ್ ಬದಲಾದರೆ ಮಾತ್ರ ಅದಕ್ಕೆ ಅರ್ಥವಿದೆ ಎಂದು ಪರಿಗಣಿಸುತ್ತಾರೆ. ದಿನದಿಂದ ದಿನಕ್ಕೆ ಏರಿಳಿಯುವ ನೋವಿನಲ್ಲಿ ಇನ್ನೂ ಎಚ್ಚರ ಬೇಕು.

ಬೇರೆ ಪರೀಕ್ಷೆಗಳೂ ಇವೆ. ಯಾವ ಕಾಯಿಲೆಗೆ ಯಾವುದು ಎಂಬುದೇ ಮುಖ್ಯ.

ಮಂಡಿ ಅಥವಾ ತೊಡೆಯ ಸಂದು ಸವೆದವರಿಗೆ 2013ರಲ್ಲಿ ಆಸ್ಟಿಯೋಆರ್ಥ್ರೈಟಿಸ್ ಸಂಶೋಧಕರ ಅಂತರರಾಷ್ಟ್ರೀಯ ಸಂಘ ಒಂದು ಪಟ್ಟಿ ಕೊಟ್ಟಿತು. 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ, 40 ಮೀಟರ್ ಬೇಗ ನಡೆಯಲು ಎಷ್ಟು ಹೊತ್ತು ಬೇಕು, ಮೆಟ್ಟಿಲು ಹತ್ತಿ ಇಳಿಯಲು ಎಷ್ಟು ಹೊತ್ತು ಬೇಕು. ಮುಖ್ಯವಾದವು ಈ ಮೂರು. ಅವರಿಗೆ ಇವು ಚೆನ್ನಾಗಿ ಹೊಂದುತ್ತವೆ, ಏಕೆಂದರೆ ಏಳುವಾಗ, ಇಳಿಯುವಾಗಲೇ ನೋವು ಬರುತ್ತದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆ 1991ರಿಂದ ಬಳಕೆಯಲ್ಲಿದೆ. ವಯಸ್ಸಾದವರು ಎಷ್ಟು ಭದ್ರವಾಗಿ ಓಡಾಡುತ್ತಾರೆ ಎಂದು ತಿಳಿಯಲು ಅದು ಒಳ್ಳೆಯದು. 10 ಮೀಟರ್ ನಡೆಸಿ ವೇಗ ಅಳೆಯುವುದಂತೂ ಎಲ್ಲಕ್ಕಿಂತ ಸುಲಭ. ಹಿರಿಯರಲ್ಲಿ ಸೆಕೆಂಡಿಗೆ 0.1 ಮೀಟರ್ ವೇಗ ಬದಲಾದರೂ ಅದನ್ನು ದೊಡ್ಡ ಬದಲಾವಣೆ ಎಂದೇ ನೋಡುತ್ತಾರೆ. ಆದರೆ ಇವೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತವೆ. ಹತ್ತು ಮೀಟರನ್ನು ನೀವು ಯಾರಿಗೂ ಕಡಿಮೆ ಇಲ್ಲದಂತೆ ನಡೆದುಬಿಡಬಹುದು. ಹತ್ತನೇ ನಿಮಿಷದಲ್ಲಿ ಏನಾಗುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಬೆನ್ನುಹುರಿಯ ದಾರಿ ಕಿರಿದಾದವರ ಕಥೆ ಬೇರೆ. ಅವರಿಗೆ ನಡೆಯುತ್ತಾ ನಡೆಯುತ್ತಾ ಕಾಲು ಭಾರವಾಗುತ್ತದೆ, ಜೋಮು ಹಿಡಿಯುತ್ತದೆ, ನಿಲ್ಲಲೇಬೇಕಾಗುತ್ತದೆ. ಅವರನ್ನು ಅವರದೇ ವೇಗದಲ್ಲಿ, ನಿಲ್ಲಬೇಕಾಗುವ ತನಕ ನಡೆಸುವ ಪರೀಕ್ಷೆ ಇದೆ. ಹೆಚ್ಚೆಂದರೆ 30 ನಿಮಿಷ. ಎಂಟನೇ ನಿಮಿಷಕ್ಕೆ ಕಾಲು ಕೈಕೊಡುವವರನ್ನು ಆರೇ ನಿಮಿಷ ನಡೆಸಿದರೆ ರೋಗ ತಪ್ಪಿಸಿಕೊಂಡುಬಿಡುತ್ತದೆ. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಮುಂದಕ್ಕೆ ಬಾಗಿದರೆ ಅಥವಾ ಕೂತರೆ ಹಾಯೆನಿಸುವುದು ಬೆನ್ನುಹುರಿಯ ತೊಂದರೆಯ ಲಕ್ಷಣ. ಸುಮ್ನೆ ನಿಂತರೂ ಕೆಲವೇ ನಿಮಿಷಗಳಲ್ಲಿ ಮೀನಖಂಡದ ನೋವು ಇಳಿದರೆ ಕಾಲಿನ ರಕ್ತನಾಳದ ಕಡೆ ನೋಡಬೇಕು. ವಾಕರ್ ಹಿಡಿದು ಬಾಗಿ ನಡೆದರೆ ಬೆನ್ನುಹುರಿಯ ರೋಗಿಗಳು ಇನ್ನಷ್ಟು ದೂರ ಹೋಗಬಹುದು. ಹಾಗಾಗಿ ಏನು ಹಿಡಿದು ನಡೆದರು ಎಂದು ಬರೆಯದ ಅಳತೆ ಅರ್ಧ ಅಳತೆ. ಎಲ್ಲಿ ನಿಂತರು ಎಂಬುದರಷ್ಟೇ, ನಿಂತ ಮೇಲೆ ಏನು ಮಾಡಿದರೆ ನೋವು ಇಳಿಯಿತು ಎಂಬುದನ್ನೂ ಬರೆಯಬೇಕು.

ಬೀಪ್ ಸದ್ದಿಗೆ ತಕ್ಕಂತೆ ಎರಡು ಗುರುತುಗಳ ನಡುವೆ ವೇಗ ಹೆಚ್ಚಿಸುತ್ತಾ ಓಡಾಡುವ ಪರೀಕ್ಷೆಯೂ ಒಂದಿದೆ. ನಿಮ್ಮಂಥವರಿಗೆ ನಾನು ಅದನ್ನು ಹೇಳುವುದಿಲ್ಲ. ವೇಗ ನಿಮ್ಮ ಕೈಯಲ್ಲಿರುವುದಿಲ್ಲ.

ಇನ್ನು ಪ್ರಶ್ನಾವಳಿಗಳು. ಜನ ಇವನ್ನು ಲಘುವಾಗಿ ನೋಡುತ್ತಾರೆ, ನೋಡಬಾರದು. ಬ್ರೀಫ್ ಪೇನ್ ಇನ್ವೆಂಟರಿ ಎಂಬುದರಲ್ಲಿ ನೋವು ಬದುಕಿನ ಏಳು ವಿಷಯಗಳಿಗೆ ಎಷ್ಟು ಅಡ್ಡಿಯಾಗಿದೆ ಎಂದು ಕೇಳುತ್ತಾರೆ. ಅದರಲ್ಲಿ ಒಂದು ನಡಿಗೆ. ಸೊಂಟ ನೋವಿಗೆ 1980ರಿಂದ ಬಳಕೆಯಲ್ಲಿರುವ ಓಸ್ವೆಸ್ಟ್ರಿ ಪ್ರಶ್ನಾವಳಿಯಲ್ಲೂ ನಡಿಗೆಗೆ ಒಂದು ವಿಭಾಗವಿದೆ. ನಿಮ್ಮ ಕಾಯಿಲೆಗೆಂದೇ ಇರುವುದು ಫೈಬ್ರೊಮಯಾಲ್ಜಿಯಾ ಪ್ರಶ್ನಾವಳಿ. 2009ರಲ್ಲಿ ಅದನ್ನು ಪರಿಷ್ಕರಿಸಿದರು. ಕಳೆದ ಏಳು ದಿನಗಳಲ್ಲಿ 20 ನಿಮಿಷ ಬಿಡದೆ ನಡೆಯುವುದು ಎಷ್ಟು ಕಷ್ಟವಾಯಿತು ಎಂದು ಅದು ಕೇಳುತ್ತದೆ. ಏಳು ದಿನ ಎಂಬುದನ್ನು ಗಮನಿಸಿ. ಕಾರಿಡಾರ್‌ನ ಆರು ನಿಮಿಷಕ್ಕೆ ಕಾಣದ ಕೆಟ್ಟ ದಿನಗಳು ಇಲ್ಲಿ ಲೆಕ್ಕಕ್ಕೆ ಬರುತ್ತವೆ.

ಪ್ರಶ್ನಾವಳಿಯ ದೌರ್ಬಲ್ಯ ಎಂದರೆ ದೂರ. "ಎಷ್ಟು ಮೀಟರ್ ನಡೆಯುತ್ತೀರಿ?" ಎಂದರೆ ಹೆಚ್ಚಿನವರು ಅಂದಾಜಿನಲ್ಲಿ ಹೇಳುತ್ತಾರೆ. ಆ ಅಂದಾಜು ತುಂಬಾ ತಪ್ಪಿರಬಹುದು. 100 ಮೀಟರ್ ಎಂದರೆ ಎಷ್ಟು ಎಂದು ಕಣ್ಣಳತೆಯಲ್ಲಿ ಹೇಳುವುದು ಆರೋಗ್ಯವಂತರಿಗೂ ಕಷ್ಟ. ಆಮೇಲೆ ಅಳೆದು ನೋಡಿ ವ್ಯತ್ಯಾಸ ಬಂದರೆ ರೋಗಿ ಸುಳ್ಳು ಹೇಳಿದರು ಎಂಬ ಅನುಮಾನ ಹುಟ್ಟುತ್ತದೆ. ಇದು ದೊಡ್ಡ ಅನ್ಯಾಯ. ದೂರ ಗೊತ್ತಿಲ್ಲದಿದ್ದರೆ ಸಮಯದಲ್ಲಿ ಹೇಳಿ. "ಸುಮಾರು ನಾಲ್ಕು ನಿಮಿಷ ನಡೆದ ಮೇಲೆ ನಿಲ್ಲಬೇಕಾಗುತ್ತದೆ" ಎಂಬ ಮಾತು ಅಂದಾಜಿನ ಮೀಟರ್‌ಗಿಂತ ಎಷ್ಟೋ ವಾಸಿ.

ಈಗ ನನಗೆ ಬಹಳ ಮುಖ್ಯ ಎನಿಸುವ ವಿಷಯಕ್ಕೆ ಬರುತ್ತೇನೆ. ಮನುಷ್ಯ ಏನು ಮಾಡಬಲ್ಲ ಎಂಬುದು ಒಂದು, ದಿನನಿತ್ಯ ಏನು ಮಾಡುತ್ತಾನೆ ಎಂಬುದು ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ವರ್ಗೀಕರಣದಲ್ಲೇ ಇವೆರಡನ್ನೂ ಬೇರೆ ಬೇರೆಯಾಗಿ ದಾಖಲಿಸಬೇಕು ಎಂದಿದೆ. ಆಸ್ಪತ್ರೆಯಲ್ಲಿ ಕಂಡದ್ದು ಮೊದಲನೆಯದು. ಮನೆಯವರು ನೋಡುತ್ತಿರುವುದು ಎರಡನೆಯದು. ಎರಡರ ನಡುವೆ ಅಂತರ ಇದ್ದರೆ ಯಾರೋ ನಟಿಸುತ್ತಿದ್ದಾರೆ ಅಂತ ಅರ್ಥವಲ್ಲ. ಆ ಅಂತರ ಯಾಕೆ ಬಂತು ಎಂದು ಹುಡುಕಬೇಕು.

ಅಂತರಕ್ಕೆ ಎರಡು ವಿರುದ್ಧ ಕಾರಣಗಳಿರಬಹುದು. ಕೆಲವರು ನಡೆದರೆ ಏನಾದರೂ ಹಾನಿಯಾಗಿಬಿಡುತ್ತದೆ ಎಂಬ ಭಯದಿಂದ ನಡೆಯುವುದನ್ನೇ ಬಿಡುತ್ತಾರೆ. ನಡೆಯದೆ ಸ್ನಾಯು ಸೊರಗುತ್ತದೆ. ಸೊರಗಿದ್ದಕ್ಕೆ ಇನ್ನೂ ಬೇಗ ನೋವು ಬರುತ್ತದೆ, ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಈ ಭಯವನ್ನು ಅಳೆಯಲು ಟ್ಯಾಂಪಾ ಎಂಬ 17 ಪ್ರಶ್ನೆಗಳ ಪಟ್ಟಿ ಇದೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಒಳ್ಳೆಯ ದಿನ ಬಂತೆಂದರೆ ಬಾಕಿ ಉಳಿದ ಕೆಲಸವನ್ನೆಲ್ಲ ಒಂದೇ ದಿನ ಮಾಡಿ ಮುಗಿಸುತ್ತಾರೆ, ಆಮೇಲೆ ಎರಡು ಮೂರು ದಿನ ಮಲಗುತ್ತಾರೆ. ವಾರದ ಸರಾಸರಿ ನೋಡಿದರೆ ಇಬ್ಬರದೂ ಒಂದೇ ಅಂಕಿ ಬರಬಹುದು. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಮೊದಲನೆಯವರಿಗೆ ಧೈರ್ಯ ತುಂಬಿ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಎರಡನೆಯವರಿಗೆ ಒಳ್ಳೆಯ ದಿನದಲ್ಲಿ ಕಡಿಮೆ ನಡೆಯಲು ಕಲಿಸಬೇಕು. ಒಂದೇ ದಿನ, ಒಂದೇ ಸಲ ಅಳೆದರೆ ಇವರಿಬ್ಬರಲ್ಲಿ ನೀವು ಯಾರು ಎಂಬುದು ಯಾರಿಗೂ ತಿಳಿಯುವುದಿಲ್ಲ. ನಿಮ್ಮ ಪತ್ರ ಓದಿದರೆ ನೀವು ಎರಡನೆಯವರ ಕಡೆಗೆ ವಾಲಿದಂತೆ ಕಾಣುತ್ತದೆ. ಆದರೆ ಒಂದು ಪತ್ರದಿಂದ ತೀರ್ಮಾನ ಮಾಡಲಾರೆ.

ಈ ವಿಷಯದಲ್ಲಿ ನನಗೆ ಇಷ್ಟವಾದ ಒಂದು ನಿಯಮ ವೈದ್ಯಕೀಯ ಪುಸ್ತಕದ್ದಲ್ಲ, ಕಾನೂನಿನದ್ದು. ಬ್ರಿಟನ್ನಿನಲ್ಲಿ ಅಂಗವೈಕಲ್ಯ ಇರುವವರಿಗೆ ಕೊಡುವ ಒಂದು ಭತ್ಯೆಗೆ ನಡಿಗೆಯನ್ನೂ ಪರಿಗಣಿಸುತ್ತಾರೆ. ಅಲ್ಲಿ 20, 50, 200 ಮೀಟರ್ ಎಂಬ ಮಿತಿಗಳಿವೆ. ಸುಮ್ನೆ ಅಷ್ಟು ದೂರ ಹೋದರೆ ಸಾಲದು. ಸುರಕ್ಷಿತವಾಗಿ ಹೋಗಬೇಕು. ಒಪ್ಪುವಂಥ ರೀತಿಯಲ್ಲಿ ಹೋಗಬೇಕು. ಮತ್ತೆ ಮತ್ತೆ ಬೇಕಾದಾಗ ಹೋಗಲು ಸಾಧ್ಯವಾಗಬೇಕು. ತೊಂದರೆ ಇಲ್ಲದವರು ತೆಗೆದುಕೊಳ್ಳುವ ಸಮಯದ ಎರಡು ಪಟ್ಟಿಗಿಂತ ಜಾಸ್ತಿ ಹಿಡಿಯಬಾರದು. ಈ ನಾಲ್ಕೂ ಇದ್ದರೆ ಮಾತ್ರ ಆ ಮನುಷ್ಯ ಅಷ್ಟು ದೂರ ನಡೆಯಬಲ್ಲ ಎಂದು ಲೆಕ್ಕ. ನಿಮ್ಮ ಆರು ನಿಮಿಷದ ನಡಿಗೆಗೆ "ಮತ್ತೆ ಮತ್ತೆ" ಎಂಬ ಮಾತನ್ನು ಹಚ್ಚಿ ನೋಡಿ. ಅದೇ ದಿನ ಮಧ್ಯಾಹ್ನ ಮತ್ತೊಮ್ಮೆ ಹಾಗೆ ನಡೆಯಲು ಆಗುತ್ತಿತ್ತಾ? ಮರುದಿನ? ಮನೆಯವರ ಅನುಮಾನಕ್ಕೆ ಉತ್ತರ ಇಲ್ಲೇ ಇದೆ.

ಹೆಜ್ಜೆ ಎಣಿಸುವ ವಾಚು, ಫೋನುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಉಪಯೋಗ ಇದೆ, ಆದರೆ ನಿಧಾನ ನಡೆಯುವವರ ಹೆಜ್ಜೆಗಳನ್ನು ಅವು ಕಡಿಮೆ ಎಣಿಸುತ್ತವೆ. ವಾಕರ್ ಹಿಡಿದಿದ್ದರೆ ಕೈ ಬೀಸುವುದಿಲ್ಲ, ಮಣಿಕಟ್ಟಿನ ವಾಚಿಗೆ ಹೆಜ್ಜೆ ತಿಳಿಯದೇ ಹೋಗಬಹುದು. ದಿನಕ್ಕೆ 10,000 ಹೆಜ್ಜೆ ಎಂಬುದನ್ನು ತಲೆಯಿಂದ ತೆಗೆದುಹಾಕಿ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಹರಡಿದ ಸಂಖ್ಯೆ ಅದು. ನೋವಿರುವವರನ್ನು ಪರೀಕ್ಷಿಸಿ ಹೇಳಿದ್ದಲ್ಲ. ನಾನು ವಾಚಿನಲ್ಲಿ ನೋಡುವುದು ಒಟ್ಟು ಸಂಖ್ಯೆಯನ್ನಲ್ಲ, ಏರಿಳಿತವನ್ನು. ಒಂದು ದಿನ ಬೆಟ್ಟದಷ್ಟು, ಮುಂದಿನ ಎರಡು ದಿನ ಪಾತಾಳ ಎಂಬ ಚಿತ್ರ ಮತ್ತೆ ಮತ್ತೆ ಬಂದರೆ ನನಗೆ ಬೇಕಾದ ಉತ್ತರ ಸಿಕ್ಕಿದಂತೆ.

ಮನೆಯಲ್ಲಿ ಅಳೆದುಕೊಳ್ಳಬಹುದಾ ಎಂದು ಕೇಳಿದ್ದೀರಿ. ಖಂಡಿತ. ಆದರೆ ಮೊದಲು ಎಚ್ಚರಿಕೆ. ಕಳೆದ ಒಂದು ತಿಂಗಳಲ್ಲಿ ಹೃದಯಾಘಾತ ಆಗಿದ್ದರೆ, ಎದೆನೋವು ಬಂದು ಹೋಗಿ ಮಾಡುತ್ತಿದ್ದರೆ, ಕೂತಿರುವಾಗಲೇ ನಾಡಿ 120 ದಾಟಿದ್ದರೆ ಅಥವಾ ರಕ್ತದೊತ್ತಡ 180/100 ಮೀರಿದ್ದರೆ ವೈದ್ಯರನ್ನು ಕೇಳದೆ ಮಾಡಬೇಡಿ. ಬೀಳುವ ಭಯ ಇದ್ದರೆ ಒಬ್ಬರು ಜೊತೆಗಿರಲಿ.

ಸಮತಟ್ಟಾದ ಜಾಗದಲ್ಲಿ ಟೇಪು ಹಿಡಿದು 10 ಮೀಟರ್ ಅಳೆದು ಎರಡು ತುದಿಗೆ ಗುರುತು ಹಾಕಿ. ಯಾವ ದಿನ ಅಳೆಯುತ್ತೀರಿ ಎಂದು ಮೊದಲೇ ಗೊತ್ತುಮಾಡಿ, ಉದಾಹರಣೆಗೆ ಎರಡು ವಾರದಲ್ಲಿ ಮೂರು ದಿನ. ಇದು ಬಹಳ ಮುಖ್ಯ. ಚೆನ್ನಾಗಿದ್ದ ದಿನವನ್ನೇ ಆರಿಸಿಕೊಂಡರೆ ಅಳತೆ ನಿಮಗೇ ಮೋಸ ಮಾಡುತ್ತದೆ. ಕೆಟ್ಟ ದಿನ ಬಂದರೆ ಅಂದು ಒಂದೇ ಸುತ್ತು ನಡೆದರೂ ಸರಿ, ಬರೆದಿಡಿ. ನಡೆಯಲೇ ಆಗಲಿಲ್ಲ ಎಂದರೆ ಸೊನ್ನೆ ಬರೆಯಿರಿ. ಸೊನ್ನೆಯೂ ಒಂದು ಅಳತೆ. ಪ್ರತಿ ಸಲ ಅದೇ ಹೊತ್ತು, ಅದೇ ಚಪ್ಪಲಿ ಅಥವಾ ಶೂ ಇರಲಿ. ನೋವಿನ ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಯಿತು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಎಂದೂ ಗುರುತು ಹಾಕಿ.

ಹೊರಡುವ ಮೊದಲು ನೋವು ಮತ್ತು ಸುಸ್ತು ಎರಡಕ್ಕೂ 0ರಿಂದ 10ರಲ್ಲಿ ಅಂಕ ಕೊಡಿ. ಆಮೇಲೆ ನಿಮ್ಮ ಮಾಮೂಲಿ ವೇಗದಲ್ಲಿ ನಡೆಯಿರಿ. ಯಾರ ಜೊತೆಗೂ ಪೈಪೋಟಿ ಬೇಡ. ನೋವು ಶುರುವಿಗಿಂತ 2 ಅಂಕ ಏರಿದ ಕೂಡಲೇ ನಿಲ್ಲಿಸಿ. ಏರದಿದ್ದರೂ ಆರು ನಿಮಿಷಕ್ಕೆ ನಿಲ್ಲಿಸಿ. 2 ಅಂಕ ಯಾಕೆ? ನೋವು ಸುಮಾರು 2 ಅಂಕ ಇಳಿದರೆ ರೋಗಿಗಳು ಅದನ್ನು ನಿಜವಾದ ಸುಧಾರಣೆ ಎಂದು ಗುರುತಿಸುತ್ತಾರೆ ಎಂದು 2001ರ ಒಂದು ದೊಡ್ಡ ವಿಶ್ಲೇಷಣೆ ತೋರಿಸಿತು. ಏರಿಕೆಗೂ ನಾನು ಅದೇ ಗೆರೆ ಹಾಕಿಕೊಂಡಿದ್ದೇನೆ. ಎಷ್ಟು ಸುತ್ತು, ಎಷ್ಟು ನಿಮಿಷ, ಎಷ್ಟು ಸಲ ನಿಂತಿರಿ ಎಂದು ಬರೆಯಿರಿ.

ಅಳತೆಯ ಎರಡನೇ ಭಾಗ ಇನ್ನೂ ಬಾಕಿ ಇದೆ. ಒಂದು ಗಂಟೆಯ ನಂತರ, ಮಲಗುವ ಮುಂಚೆ, ಮರುದಿನ ಬೆಳಿಗ್ಗೆ, ಅದರ ಮರುದಿನ ಬೆಳಿಗ್ಗೆ ಮತ್ತೆ ಅಂಕ ಕೊಡಿ. ನೋವು ಶುರುವಿನ ಮಟ್ಟಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದೇ ನಮಗೆ ಬೇಕಾದದ್ದು. ಯಾವ ನಡಿಗೆಯ ನೋವು ಮರುದಿನ ಬೆಳಿಗ್ಗೆಗೆ ಉಳಿಯುವುದಿಲ್ಲವೋ ಅದು ಸದ್ಯಕ್ಕೆ ನಿಮ್ಮ ನಡಿಗೆಯ ಶಕ್ತಿ. ಅದು 390 ಮೀಟರ್‌ಗಿಂತ ತುಂಬಾ ಕಡಿಮೆ ಇರಬಹುದು. ಬೇಜಾರಾಗಬೇಡಿ. ಚಿಕಿತ್ಸೆ ಶುರು ಮಾಡಲು ನನಗೆ ಬೇಕಾದ ಅಂಕಿ ಅದೇ. ಅದಕ್ಕಿಂತ ಸ್ವಲ್ಪ ಕಡಿಮೆಯಿಂದ ದಿನದ ನಡಿಗೆ ಶುರುಮಾಡಿ, ನೋವಿನ ಏರಿಳಿತಕ್ಕೆ ತಕ್ಕಂತೆ ಕುಣಿಯದೆ, ಮೊದಲೇ ನಿಗದಿ ಮಾಡಿದ ಸಮಯದಷ್ಟೇ ನಡೆಯುವುದು ಒಂದು ಹಳೆಯ, ಬಳಸಿ ನೋಡಿದ ಕ್ರಮ.

ಇಲ್ಲಿ ಒಂದು ಕವಲು ದಾರಿ ಇದೆ. ಸಣ್ಣ ಶ್ರಮ ಮಾಡಿದರೂ ಒಂದೆರಡು ದಿನದ ನಂತರ ನೋವಿನ ಜೊತೆಗೆ ವಿಪರೀತ ಬಳಲಿಕೆ, ತಲೆ ಮಂಕು, ಎಷ್ಟು ಮಲಗಿದರೂ ತೀರದ ಸುಸ್ತು ಬರುತ್ತಿದೆಯಾ? ಹಾಗಿದ್ದರೆ ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್ ಅಥವಾ ದೀರ್ಘ ಆಯಾಸದ ಕಾಯಿಲೆಯ ಬಗ್ಗೆಯೂ ನೋಡಿ ಎಂದು ವೈದ್ಯರನ್ನು ಕೇಳಿ. ಅದು ಫೈಬ್ರೊಮಯಾಲ್ಜಿಯಾ ಜೊತೆಗೇ ಇರಬಹುದು. ಆ ಕಾಯಿಲೆ ಇದ್ದವರು ಮಿತಿ ಮುಟ್ಟುವ ತನಕ ನಡೆದು ನೋಡಬಾರದು. ವಾರವಾರ ಇಂತಿಷ್ಟು ಹೆಚ್ಚಿಸುವ ವ್ಯಾಯಾಮವನ್ನು ಅವರಿಗೆ ಹೇಳಬಾರದು ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ನಿಮಗೆ ಎರಡು ದಿನ ಏಳಲಾಗಲಿಲ್ಲ ಎಂದದ್ದರಿಂದ ಇದನ್ನು ಹೇಳುತ್ತಿದ್ದೇನೆ. ಇದು ಇತ್ಯರ್ಥವಾಗುವ ತನಕ ಮನೆಯ ಅಳತೆಯಲ್ಲಿ ಆರು ನಿಮಿಷದ ತನಕ ಹೋಗಬೇಡಿ, ಎರಡು ನಿಮಿಷಕ್ಕೇ ನಿಲ್ಲಿಸಿ.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿ ಅಳೆದು ಬರೆದ ಹಾಳೆ ತೆಗೆದುಕೊಂಡು ಹೋಗಿ. "ನಡೆಯಲು ಆಗುವುದಿಲ್ಲ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ ನೋಡಿ: "ಸಮತಟ್ಟಾದ ಜಾಗದಲ್ಲಿ, ಏನೂ ಹಿಡಿಯದೆ, ನಾಲ್ಕು ನಿಮಿಷ ನಡೆದರೆ ನೋವು 4ರಿಂದ 6ಕ್ಕೆ ಹೋಗುತ್ತದೆ. ರಾತ್ರಿ 7 ಆಗುತ್ತದೆ. ಮತ್ತೆ 4ಕ್ಕೆ ಬರಲು ಒಂದೂವರೆ ದಿನ ಬೇಕು. ಮೂರು ಸಲ ನೋಡಿದೆ, ಎರಡು ಸಲ ಹೀಗೇ ಆಯಿತು." ಇಷ್ಟು ಕೇಳಿದ ವೈದ್ಯರು "ಚೆನ್ನಾಗೇ ನಡೆಯುತ್ತೀರಲ್ಲ" ಎಂದು ಬರೆಯುವುದು ಕಷ್ಟ. ಮತ್ತೆ ಕಾರಿಡಾರ್‌ನಲ್ಲಿ ನಡೆಸುವುದಾದರೆ, ಮರುದಿನದ ನೋವಿನ ಅಂಕವನ್ನೂ ಅದೇ ದಾಖಲೆಗೆ ಸೇರಿಸಿ ಎಂದು ಕೇಳಿ. ಹಾಗೆ ಕೇಳಲು ಸಂಕೋಚ ಬೇಡ. ಮನೆಯವರಿಗೂ ಹಾಳೆ ತೋರಿಸಿ. ಸಾಧ್ಯವಾದರೆ ಮರುದಿನ ಬೆಳಗಿನ ಅಂಕವನ್ನು ಅವರೇ ಕೇಳಿ ಬರೆದುಕೊಳ್ಳಲಿ. ಎರಡು ವಾರ ಹೀಗೆ ಬರೆದ ಮೇಲೆ ಎಷ್ಟೋ ಮನೆಗಳಲ್ಲಿ ಮಾತಿನ ಧಾಟಿ ಬದಲಾದದ್ದನ್ನು ನಾನು ನೋಡಿದ್ದೇನೆ.

ಅಳೆಯುವುದನ್ನೇ ದಿನಚರಿ ಮಾಡಿಕೊಳ್ಳಬೇಡಿ. ದಿನಾ ನೋವಿಗೆ ಅಂಕ ಕೊಡುತ್ತಾ ಕೂತರೆ ಮನಸ್ಸು ಅದರ ಸುತ್ತಲೇ ಸುತ್ತುತ್ತದೆ. ಎರಡು ವಾರ ಅಳೆದು, ಆರರಿಂದ ಎಂಟು ವಾರ ಬಿಟ್ಟು, ಮತ್ತೆ ಎರಡು ವಾರ ಅಳೆದರೆ ಸಾಕು. ನಡಿಗೆ ನಿಧಾನವಾಗಿ ಏರಿದರೂ ಇಳಿದರೂ ಮುಂದಿನ ಭೇಟಿಯಲ್ಲಿ ಮಾತಾಡಬಹುದು. ಆದರೆ ದಿಢೀರನೆ ಕಾಲಿನ ಶಕ್ತಿ ಕುಂದಿದರೆ, ಪಾದ ಎತ್ತಲಾಗದಿದ್ದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಂತಾದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಅಳತೆ ಗಿಳತೆ ಎಲ್ಲ ಬಿಟ್ಟು ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ.